ನುಗ್ಗೆಸೊಪ್ಪಿನ ಮೊಟ್ಟೆ ಪಲ್ಯ: ಬೆಳಗಿನ ತಿಂಡಿಗೆ ನೀರಾಗದಂತೆ, ಕಹಿಯಾಗದಂತೆ ಮಾಡುವುದು ಹೇಗೆ?

ಹಿತ್ತಲ ನುಗ್ಗೆ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಐದು ಜನರ ಮನೆ: ಅತ್ತೆ, ಮಾವ, ನಾವಿಬ್ಬರು, ಏಳನೇ ತರಗತಿಯಲ್ಲಿ ಓದುತ್ತಿರುವ ಮಗಳು. ಮಾವನವರಿಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಯಿತು. ಇಡ್ಲಿ, ದೋಸೆ, ಉಪ್ಪಿಟ್ಟು, ಚಿತ್ರಾನ್ನ, ಅವಲಕ್ಕಿ ಎಂದು ಬೆಳಗಿನ ತಿಂಡಿಯೆಲ್ಲ ಅಕ್ಕಿ ಮತ್ತು ರವೆಯಲ್ಲೇ ಮುಗಿಯುತ್ತಿದೆ. ಆದ್ದರಿಂದ ವಾರದಲ್ಲಿ ಮೂರು ದಿನವಾದರೂ ತರಕಾರಿ ಹೆಚ್ಚಾಗಿರುವ ಮೊಟ್ಟೆಯ ತಿಂಡಿ ಮಾಡಬೇಕೆಂದು ತೀರ್ಮಾನಿಸಿದ್ದೇನೆ. ಹಿತ್ತಲಲ್ಲಿ ನುಗ್ಗೆ ಮರವಿದೆ, ಈಗ ಎಳೆಯ ಸೊಪ್ಪು ತುಂಬಿ ನಿಂತಿದೆ. ನನ್ನ ತವರಿನಲ್ಲಿ ಅಜ್ಜಿ ನುಗ್ಗೆಸೊಪ್ಪಿಗೆ ಮೊಟ್ಟೆ ಒಡೆದು ಹಾಕಿ ಪಲ್ಯ ಮಾಡಿ ರಾಗಿ ರೊಟ್ಟಿಯ ಜೊತೆ ಕೊಡುತ್ತಿದ್ದರು. ಅದರ ರುಚಿ ಇನ್ನೂ ನಾಲಿಗೆಯ ಮೇಲಿದೆ, ಆದರೆ ಅಜ್ಜಿ ಇದ್ದಾಗ ಮಾಡುವ ಕ್ರಮವನ್ನು ಕೇಳಿಟ್ಟುಕೊಳ್ಳಲಿಲ್ಲ.

ಎರಡು ಬಾರಿ ಪ್ರಯತ್ನಿಸಿದೆ. ಮೊದಲ ಸಲ ಈರುಳ್ಳಿ ಬಾಡಿದ ಕೂಡಲೇ ಸೊಪ್ಪು, ಉಪ್ಪು, ಮೊಟ್ಟೆ ಎಲ್ಲವನ್ನೂ ಒಟ್ಟಿಗೆ ಹಾಕಿದೆ. ಬಾಣಲೆಯ ತಳದಲ್ಲಿ ಹಸಿರು ನೀರು ನಿಂತು, ಮೊಟ್ಟೆಯು ಒಡೆದ ಹಾಲಿನಂತೆ ಚೂರುಚೂರಾಗಿ ಅದರಲ್ಲಿ ತೇಲಿತು. ಎರಡನೇ ಸಲ ಸೊಪ್ಪು ಚೆನ್ನಾಗಿ ಬೇಯಲೆಂದು ಸ್ವಲ್ಪ ನೀರು ಚಿಮುಕಿಸಿ ಹದಿನೈದು ನಿಮಿಷ ಮುಚ್ಚಿಟ್ಟೆ. ಬಣ್ಣ ಕಂದಿ, ಕಹಿಯಾಯಿತು. ಮಗಳು ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಶಾಲೆಯ ವ್ಯಾನು 7.45ಕ್ಕೆ ಬರುತ್ತದೆ, ಅಡುಗೆಮನೆಯಲ್ಲಿ ನನಗೆ ಸಿಗುವುದು ಹೆಚ್ಚೆಂದರೆ ಇಪ್ಪತ್ತೈದು ನಿಮಿಷ. ಯಾವುದನ್ನು ಯಾವಾಗ ಹಾಕಬೇಕು, ಐದು ಜನರಿಗೆ ಎಷ್ಟು ಮೊಟ್ಟೆ ಬೇಕು, ಸಕ್ಕರೆ ಕಾಯಿಲೆ ಇರುವವರು ಹಳದಿ ಭಾಗ ತಿನ್ನಬಹುದೇ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ತುಂಗಾತೀರ, ಶಿವಮೊಗ್ಗ

ನಮಸ್ಕಾರ ಅಕ್ಕ. ಹದಿನೆಂಟು ವರ್ಷ ಕಾಲೇಜು ಹುಡುಗರಿಗಾಗಿ ಮೆಸ್ ನಡೆಸಿದವನು ನಾನು. ಈ ಪಲ್ಯವನ್ನು ವಾರಕ್ಕೊಮ್ಮೆ ಅರವತ್ತು ಜನರಿಗೆ ಮಾಡುತ್ತಿದ್ದೆ, ಆದ್ದರಿಂದ ನಿಮಗಾದದ್ದೆಲ್ಲ ನನಗೂ ಆಗಿದೆ.

ಇದನ್ನು ಮೊಟ್ಟೆಯ ಅಡುಗೆ ಎಂದುಕೊಂಡು ಶುರುಮಾಡಿದರೆ ಕೈ ಮೊದಲು ಮೊಟ್ಟೆಗೇ ಹೋಗುತ್ತದೆ, ಅಲ್ಲಿಯೇ ಕೆಡುವುದು. ಇದು ಸೊಪ್ಪಿನ ಪಲ್ಯ. ಪಲ್ಯ ಪೂರ್ತಿಯಾಗಿ, ಹಾಗೆಯೇ ಬಡಿಸಿದರೂ ತಿನ್ನುವಂತಾದ ಮೇಲೆ ಕಡೆಯ ಮೂರು ನಿಮಿಷಕ್ಕೆ ಮೊಟ್ಟೆ ಬರಬೇಕು. ಸೊಪ್ಪು ತರಕಾರಿಗಳಲ್ಲಿ ಇರುವುದು ಬಹುಪಾಲು ನೀರೇ. ಮೊಟ್ಟೆಯಲ್ಲೂ ನಾಲ್ಕರಲ್ಲಿ ಮೂರು ಪಾಲು ನೀರು. ಉಪ್ಪು ಬಿದ್ದ ಕೂಡಲೇ ಸೊಪ್ಪು ತನ್ನ ನೀರು ಬಿಡುತ್ತದೆ, ಆ ನೀರು ಇಂಗುವ ಮೊದಲೇ ಮೊಟ್ಟೆ ಹಾಕಿದರೆ ಅದು ಹುರಿಯುವುದಿಲ್ಲ, ನೀರಿನಲ್ಲಿ ಬೇಯುತ್ತದೆ. ನೀರು ಇಂಗಲಿ ಎಂದು ನಾವು ಉರಿ ಏರಿಸುತ್ತೇವೆ. ಆಗ ಮೊಟ್ಟೆ ಅತಿಯಾಗಿ ಬೆಂದು ಬಿಗಿದುಕೊಂಡು, ಬಟ್ಟೆ ಹಿಂಡಿದ ಹಾಗೆ ತನ್ನೊಳಗಿನ ನೀರನ್ನೂ ಹೊರಗೆ ಬಿಡುತ್ತದೆ. ನಿಮ್ಮ ಬಾಣಲೆಯಲ್ಲಿ ನಿಂತಿದ್ದು ಈ ಎರಡೂ ನೀರು.

ಐದು ಜನರಿಗೆ ನಾನು ಹಾಕುವ ಲೆಕ್ಕ ಹೀಗಿದೆ. ಬಿಡಿಸಿದ ಎಲೆ ಸುಮಾರು 150 ಗ್ರಾಂ, ಅಂದರೆ ಒತ್ತಿ ಹಿಡಿದ ಐದಾರು ಹಿಡಿ. ದಪ್ಪ ಈರುಳ್ಳಿ ಎರಡು, ಒಂದು ಕ್ಯಾರೆಟ್ಟಿನ ತುರಿ, ಜಜ್ಜಿದ ಬೆಳ್ಳುಳ್ಳಿ ಆರು ಎಸಳು, ಸೀಳಿದ ಹಸಿಮೆಣಸಿನಕಾಯಿ ಮೂರು, ಮೊಟ್ಟೆ ಐದು, ಎಣ್ಣೆ ಒಂದೂವರೆ ದೊಡ್ಡ ಚಮಚ, ಉಪ್ಪು ಮುಕ್ಕಾಲು ಚಿಕ್ಕ ಚಮಚ, ಅರಿಶಿನ ಚಿಟಿಕೆ. ಅಗಲವಾದ ಬಾಣಲೆ ಇರಲಿ, ಏಕೆಂದರೆ ಕಿರಿದಾದ ಪಾತ್ರೆಯಲ್ಲಿ ಸೊಪ್ಪು ಒಂದರ ಮೇಲೊಂದು ಕುಳಿತು ತನ್ನ ಆವಿಯಲ್ಲೇ ಬೆವರುತ್ತದೆ. ಸಾಸಿವೆ ಸಿಡಿದ ಮೇಲೆ ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ, ಈರುಳ್ಳಿಯ ಅಂಚು ಕೆಂಪಾಗುವ ತನಕ ಬಾಡಿಸಿ. ಕ್ಯಾರೆಟ್ ತುರಿಯನ್ನು ಎರಡು ನಿಮಿಷ ಕೈಯಾಡಿಸಿದ ಮೇಲೆ ಸೊಪ್ಪನ್ನು ಎರಡು ಕಂತಿನಲ್ಲಿ ಹಾಕಿ, ಮುಚ್ಚಳವಿಲ್ಲದೆ ದೊಡ್ಡ ಉರಿಯಲ್ಲಿ ಆರೇಳು ನಿಮಿಷ ಹುರಿಯಿರಿ. ಇಲ್ಲಿ ಕಣ್ಣಿಗಿಂತ ಕಿವಿಯನ್ನು ನಂಬಿ: ನೀರಿರುವಾಗ ಬಾಣಲೆ ಸುಯ್ ಎನ್ನುತ್ತಿರುತ್ತದೆ, ನೀರು ಇಂಗಿದ ಕೂಡಲೇ ಸದ್ದು ಸಣ್ಣಗಾಗಿ ಚಿಟಿಚಿಟಿ ಎನ್ನತೊಡಗುತ್ತದೆ. ಆ ಸದ್ದು ಬಂದ ಮೇಲೆ ಉಪ್ಪು, ಅರಿಶಿನ ಹಾಕಿ ಮತ್ತೊಂದು ನಿಮಿಷ ಬಿಡಿ.

ಅನಂತರ ಉರಿಯನ್ನು ಪೂರ್ತಿ ತಗ್ಗಿಸಿ, ಸೊಪ್ಪನ್ನು ಬಾಣಲೆಯ ಸುತ್ತಲೂ ಸರಿಸಿ, ನಡುವೆ ಜಾಗ ಮಾಡಿ, ಅರ್ಧ ಚಮಚ ಎಣ್ಣೆ ಬಿಟ್ಟು, ಲಘುವಾಗಿ ಕದಡಿದ ಮೊಟ್ಟೆಯನ್ನು ಸುರಿಯಿರಿ. ಅರ್ಧ ನಿಮಿಷ ಕೈ ಹಾಕಬೇಡಿ. ತಳ ಕಟ್ಟಿದ ಮೇಲೆ ಅಂಚಿನಿಂದ ದೊಡ್ಡದೊಡ್ಡದಾಗಿ ಮಗುಚಿ ಸೊಪ್ಪಿನೊಂದಿಗೆ ಬೆರೆಸಿ. ಪದೇಪದೇ ಕೆದಕಿದರೆ ಮೊಟ್ಟೆ ಪುಡಿಯಾಗಿ ಸೊಪ್ಪಿಗೆ ಮೆತ್ತಿಕೊಳ್ಳುತ್ತದೆ, ತಿನ್ನುವಾಗ ಎರಡರ ರುಚಿಯೂ ಬೇರೆಬೇರೆಯಾಗಿ ಸಿಗುವುದಿಲ್ಲ. ಮೇಲ್ಮೈಯಲ್ಲಿ ಸ್ವಲ್ಪ ಹೊಳಪಿರುವಾಗಲೇ ಒಲೆ ಆರಿಸಿದರೆ ಬಾಣಲೆಯ ಕಾವಿನಲ್ಲೇ ಉಳಿದದ್ದು ಬೇಯುತ್ತದೆ.

ಕಡಲತಡಿ, ಉಡುಪಿ

ಒಂದು ಸಣ್ಣ ಮಾತು ಸೇರಿಸುತ್ತೇನೆ. ನಮ್ಮ ಮನೆಯಲ್ಲಿ ಕೊನೆಗೆ ಎರಡು ದೊಡ್ಡ ಚಮಚ ಹಸಿ ತೆಂಗಿನತುರಿ ಹಾಕದೆ ಯಾವ ಸೊಪ್ಪಿನ ಪಲ್ಯವೂ ಇಳಿಯುವುದಿಲ್ಲ. ತುರಿಯು ಉಳಿದ ತೇವವನ್ನು ಹೀರಿಕೊಳ್ಳುತ್ತದೆ, ನುಗ್ಗೆಯ ಒಗರನ್ನೂ ತಗ್ಗಿಸುತ್ತದೆ. ಒಲೆ ಆರಿಸಿದ ಮೇಲೆ ಹಾಕಬೇಕು. ಹರಿವೆ ಸೊಪ್ಪಿಗೂ ಇದೇ ಕ್ರಮ ಸರಿಹೋಗುತ್ತದೆ, ಆದರೆ ಹರಿವೆ ನುಗ್ಗೆಗಿಂತ ಬಹಳ ಹೆಚ್ಚು ನೀರು ಬಿಡುವುದರಿಂದ ಹುರಿಯುವ ಸಮಯ ಹೆಚ್ಚು ಬೇಕು.

ಪಥ್ಯದ ತಟ್ಟೆ, ಬೆಂಗಳೂರು

ನಾನು ಪಥ್ಯಾಹಾರ ತಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ತುಂಗಾತೀರ ಅವರ ಕ್ರಮವನ್ನು ಒಪ್ಪುತ್ತೇನೆ, ಒಂದು ತಿದ್ದುಪಡಿ ಮಾತ್ರ ಅಗತ್ಯ. ಮೊಟ್ಟೆಯ ಮೇಲೆ ಹೊಳಪಿರುವಾಗಲೇ ಇಳಿಸುವುದು ಆರೋಗ್ಯವಂತ ಯುವಕರ ಮೆಸ್ಸಿನಲ್ಲಿ ನಡೆದೀತು, ಆದರೆ ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಚಿಕ್ಕ ಮಕ್ಕಳು, ಗರ್ಭಿಣಿಯರು ಇರುವ ಮನೆಯಲ್ಲಿ ದ್ರವ ಭಾಗ ಕಿಂಚಿತ್ತೂ ಉಳಿಯದಂತೆ ಬೇಯಿಸಬೇಕು. ಮೊಟ್ಟೆಯ ಬಿಳಿ ಭಾಗವು ಸುಮಾರು 62 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗತೊಡಗುತ್ತದೆ, ಹಳದಿ ಭಾಗವು 65ರಿಂದ 70 ಡಿಗ್ರಿಯ ನಡುವೆ ಕಟ್ಟುತ್ತದೆ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯಬೇಕಾದರೆ ಅಡುಗೆ ಎಲ್ಲ ಕಡೆಯೂ 71 ಡಿಗ್ರಿಯಾದರೂ ಮುಟ್ಟಬೇಕು. ಸಣ್ಣ ಉರಿಯಲ್ಲಿ ಮಗುಚಿದ ಮೇಲೆ ಇನ್ನೊಂದು ನಿಮಿಷ ಕಾದರೆ ಸಾಕು, ಮೊಟ್ಟೆ ಮೆತ್ತಗೇ ಇರುತ್ತದೆ, ಹಸಿಯೂ ಉಳಿಯುವುದಿಲ್ಲ.

ಈ ತಿಂಡಿ ಏಕೆ ಒಳ್ಳೆಯದು ಎಂಬುದನ್ನೂ ಹೇಳಬೇಕು. ಸುಮಾರು 50 ಗ್ರಾಂ ತೂಗುವ ಒಂದು ಮೊಟ್ಟೆಯಲ್ಲಿ 6 ಗ್ರಾಂನಷ್ಟು ಉತ್ತಮ ಪ್ರೋಟೀನ್, ಬಿ12, ಡಿ ಜೀವಸತ್ವ, ಕೋಲೀನ್ ಎಂಬ ಪೋಷಕಾಂಶ ಇವೆ, ಶಕ್ತಿ 70ರಿಂದ 75 ಕ್ಯಾಲೊರಿ ಮಾತ್ರ. ಆದರೆ ಅದರಲ್ಲಿ ನಾರಿಲ್ಲ, ಸಿ ಜೀವಸತ್ವ ಎಳ್ಳಷ್ಟೂ ಇಲ್ಲ. ನುಗ್ಗೆಸೊಪ್ಪಿನಲ್ಲಿ ಈ ಎರಡೂ ಇವೆ, ಜೊತೆಗೆ ಕ್ಯಾಲ್ಸಿಯಂ ಮತ್ತು ದೇಹದಲ್ಲಿ ಎ ಜೀವಸತ್ವವಾಗುವ ಕ್ಯಾರೊಟೀನ್ ಧಾರಾಳವಾಗಿವೆ. ಕ್ಯಾರೊಟೀನ್ ದೇಹಕ್ಕೆ ಹತ್ತಬೇಕಾದರೆ ಕೊಬ್ಬು ಬೇಕು, ಅದನ್ನು ಮೊಟ್ಟೆಯ ಹಳದಿ ಒದಗಿಸುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಸಿ ತರಕಾರಿಯನ್ನು ಬೆಂದ ಇಡೀ ಮೊಟ್ಟೆಯ ಜೊತೆ ತಿಂದವರಲ್ಲಿ ಕ್ಯಾರೊಟೀನ್ ಗುಂಪಿನ ಪೋಷಕಾಂಶಗಳು ಹಲವು ಪಟ್ಟು ಹೆಚ್ಚು ಹೀರಲ್ಪಟ್ಟಿದ್ದವು. ನಿಮ್ಮ ಅಜ್ಜಿ ಮಾಡುತ್ತಿದ್ದ ಜೋಡಣೆ ಪೋಷಣೆಯ ದೃಷ್ಟಿಯಿಂದಲೂ ಬಹಳ ಸೊಗಸಾದದ್ದು.

ಮೇಲಿನ ಅಳತೆಯಲ್ಲಿ ಸೊಪ್ಪು, ಈರುಳ್ಳಿ, ಕ್ಯಾರೆಟ್ ಸೇರಿ ಒಬ್ಬರಿಗೆ ಸುಮಾರು 90 ಗ್ರಾಂ ತರಕಾರಿ ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿಯಂತೆ ತರಕಾರಿ, ಸೊಪ್ಪು, ಹಣ್ಣು ಸೇರಿ ದಿನಕ್ಕೆ 500 ಗ್ರಾಂನಷ್ಟು ತಿನ್ನಬೇಕು. ಅದರ ಸುಮಾರು ಐದನೆಯ ಒಂದು ಪಾಲು ಬೆಳಗ್ಗೆ ಎಂಟು ಗಂಟೆಯ ಒಳಗೇ ಹೊಟ್ಟೆಗೆ ಸೇರುತ್ತದೆಯೆಂದರೆ ಅದು ಚಿಕ್ಕ ವಿಷಯವಲ್ಲ. ಒಂದು ಮೊಟ್ಟೆಗೆ ಎರಡು ಚಮಚ ಈರುಳ್ಳಿ ಹಾಕಿದ ಆಮ್ಲೆಟ್ಟನ್ನು ತರಕಾರಿ ಆಮ್ಲೆಟ್ ಎಂದು ಕರೆದು ಸಮಾಧಾನಪಟ್ಟುಕೊಳ್ಳುವವರನ್ನು ದಿನವೂ ನೋಡುತ್ತೇನೆ. ಮೊಟ್ಟೆಯ ತೂಕಕ್ಕಿಂತ ತರಕಾರಿಯ ತೂಕ ಹೆಚ್ಚಿರಬೇಕೆಂಬುದು ನಾನು ಎಲ್ಲರಿಗೂ ಹೇಳುವ ಅಳತೆ.

ಹಿತ್ತಲ ನುಗ್ಗೆ, ಮೈಸೂರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಉಪ್ಪನ್ನು ಮೊದಲೇ ಹಾಕುತ್ತಿದ್ದದ್ದು ನನ್ನ ತಪ್ಪು ಎಂದು ಈಗ ತಿಳಿಯಿತು. ಮೇಡಂ, ಮಾವನವರ ವಿಷಯ ಕೇಳುವುದಿದೆ. ಅವರು ಯಾರೋ ಹೇಳಿದ್ದನ್ನು ನಂಬಿ ಹಳದಿಯನ್ನು ಪೂರ್ತಿ ತೆಗೆದುಹಾಕಿಸುತ್ತಾರೆ, ಬಿಳಿ ಭಾಗವನ್ನು ಮಾತ್ರ ತಿನ್ನುತ್ತಾರೆ. ಆದರೆ ಅದರ ಜೊತೆಗೆ, ರಾಗಿ ಒಳ್ಳೆಯದೆಂದು ಮೂರು ರೊಟ್ಟಿ ಹಾಕಿಸಿಕೊಳ್ಳುತ್ತಾರೆ. ತಿಂಡಿಯಾದ ಎರಡು ಗಂಟೆಗೆ ನೋಡಿದರೆ ಸಕ್ಕರೆ ಏರಿರುತ್ತದೆ. ಹಾಗಾದರೆ ಮೊಟ್ಟೆಯೇ ಆಗಿಬರುವುದಿಲ್ಲವೇನೋ ಎನ್ನುತ್ತಾರೆ.

ಪಥ್ಯದ ತಟ್ಟೆ, ಬೆಂಗಳೂರು

ಮೊಟ್ಟೆಯಲ್ಲಿ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಒಂದು ಗ್ರಾಂಗಿಂತಲೂ ಕಡಿಮೆ ಇರುತ್ತದೆ, ಆದ್ದರಿಂದ ತಿಂಡಿಯಾದ ಎರಡು ಗಂಟೆಗೆ ಏರುವ ಸಕ್ಕರೆಗೆ ಅದನ್ನು ದೂರುವಂತಿಲ್ಲ. ನೋಡಬೇಕಾದದ್ದು ಮೂರು ರೊಟ್ಟಿಯನ್ನು. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ನಾರಿದೆ, ಅದು ಖಂಡಿತ ಒಳ್ಳೆಯ ಧಾನ್ಯ. ಆದರೂ ಅದರ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಶರ್ಕರಪಿಷ್ಟವೇ. ಅಂಗೈಯಗಲದ, ತೆಳುವಾಗಿ ತಟ್ಟಿದ ಒಂದೂವರೆ ರೊಟ್ಟಿಗೆ ನಿಲ್ಲಿಸಿ, ಪಲ್ಯವನ್ನು ಹೆಚ್ಚು ಬಡಿಸಿ. ಇನ್ನೊಂದು ಸುಲಭವಾದ ಅಭ್ಯಾಸವಿದೆ: ಮೊದಲು ಅರ್ಧ ಪಲ್ಯವನ್ನು ಬರಿದೇ ತಿಂದು, ಉಳಿದರ್ಧವನ್ನು ರೊಟ್ಟಿಯ ಜೊತೆ ತಿನ್ನಲಿ. ತರಕಾರಿ ಮತ್ತು ಪ್ರೋಟೀನು ಮೊದಲು ಹೊಟ್ಟೆ ಸೇರಿ ಧಾನ್ಯ ಆಮೇಲೆ ಬಂದರೆ ಸಕ್ಕರೆ ಏರುವ ವೇಗ ತಗ್ಗುತ್ತದೆಂದು ಸಕ್ಕರೆ ಕಾಯಿಲೆಯವರ ಮೇಲೆಯೇ ನಡೆದ ಅಧ್ಯಯನಗಳಲ್ಲಿ ಕಂಡುಬಂದಿದೆ.

ಹಳದಿಯ ಬಗ್ಗೆ ಹೇಳುವುದಾದರೆ, ಒಂದು ಮೊಟ್ಟೆಯಲ್ಲಿ ಸುಮಾರು 185 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದೆ, ಅದೆಲ್ಲವೂ ಹಳದಿಯಲ್ಲೇ ಇರುತ್ತದೆ. ದಿನಕ್ಕೆ 300 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ಅಮೆರಿಕದ ಆಹಾರ ಮಾರ್ಗಸೂಚಿಯಿಂದ 2015ರ ಆವೃತ್ತಿಯಲ್ಲಿ ಕೈಬಿಡಲಾಯಿತು, ಏಕೆಂದರೆ ಬಹುತೇಕ ಜನರ ರಕ್ತದ ಕೊಲೆಸ್ಟ್ರಾಲನ್ನು ಹೆಚ್ಚಾಗಿ ಏರಿಸುವುದು ತುಪ್ಪ, ಬೆಣ್ಣೆ, ವನಸ್ಪತಿ, ಕರಿದ ತಿಂಡಿಗಳಲ್ಲಿರುವ ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬು ಮತ್ತು ಟ್ರಾನ್ಸ್ ಕೊಬ್ಬು. ಸಾಮಾನ್ಯ ಆರೋಗ್ಯದವರಿಗೆ ದಿನಕ್ಕೊಂದು ಇಡೀ ಮೊಟ್ಟೆ ತೊಂದರೆ ಕೊಡುವುದಿಲ್ಲ. ಸಕ್ಕರೆ ಕಾಯಿಲೆ ಇರುವವರ ವಿಷಯದಲ್ಲಿ ಮಾತ್ರ ಅಧ್ಯಯನಗಳೆಲ್ಲ ಒಂದೇ ತೀರ್ಮಾನಕ್ಕೆ ಬಂದಿಲ್ಲ. ಆದ್ದರಿಂದ ಮಾವನವರ ರಕ್ತದ ಕೆಟ್ಟ ಕೊಲೆಸ್ಟ್ರಾಲ್ ತೋರಿಸುವ ಎಲ್‌ಡಿಎಲ್ ವರದಿಯನ್ನು ವೈದ್ಯರಿಗೆ ತೋರಿಸಿ ಕೇಳಿ. ಅವರು ಬೇಡವೆನ್ನದಿದ್ದರೆ ನಿಮ್ಮ ವಾರದ ಮೂರು ದಿನವೂ ಇಡೀ ಮೊಟ್ಟೆಯನ್ನೇ ಕೊಡಿ. ಡಿ ಜೀವಸತ್ವ, ಕೋಲೀನ್, ಎ ಜೀವಸತ್ವ ಇರುವುದೆಲ್ಲ ನೀವು ತೆಗೆದುಹಾಕುತ್ತಿರುವ ಭಾಗದಲ್ಲಿ. ಮೂತ್ರಪಿಂಡದ ತೊಂದರೆಯೂ ಇದ್ದರೆ ಪ್ರೋಟೀನಿನ ಅಳತೆಯನ್ನು ವೈದ್ಯರೇ ಹೇಳಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸೊಪ್ಪನ್ನು ಏಕಾಏಕಿ ಹೆಚ್ಚಿಸುವ ಮೊದಲು ಕೇಳಲೇಬೇಕು, ಏಕೆಂದರೆ ಸೊಪ್ಪಿನಲ್ಲಿರುವ ಕೆ ಜೀವಸತ್ವವು ಆ ಮಾತ್ರೆಯ ಪರಿಣಾಮವನ್ನು ಕುಗ್ಗಿಸುತ್ತದೆ.

ಜೋಳದ ಹೊಲ, ಧಾರವಾಡ

ನಮ್ಮ ಕಡೆಯ ಕ್ರಮವನ್ನೂ ಹೇಳಲು ಅಪ್ಪಣೆ ಕೊಡಿ. ನಾವು ಮೊಟ್ಟೆಗೆ ತತ್ತಿ ಎನ್ನುತ್ತೇವೆ, ಸೊಪ್ಪಿಗೆ ತಪ್ಪಲ ಎನ್ನುತ್ತೇವೆ. ಚಳಿಗಾಲದಲ್ಲಿ ಮೆಂತ್ಯದ ತಪ್ಪಲ ಹಾಕಿ ತತ್ತಿ ಪಲ್ಯ ಮಾಡಿ ಬಿಸಿ ಜೋಳದ ರೊಟ್ಟಿಯೊಂದಿಗೆ ಮುಂಜಾನೆಯೇ ತಿಂದು ಹೊಲಕ್ಕೆ ಹೋಗುವುದು ನಮ್ಮ ತಂದೆಯವರ ಕಾಲದಿಂದ ಬಂದ ರೂಢಿ. ಮೆಂತ್ಯವೂ ಕಹಿಯೇ. ಅದಕ್ಕೆ ನಮ್ಮ ತಾಯಿ ಮಾಡುತ್ತಿದ್ದ ಉಪಾಯವೆಂದರೆ ಹುರಿದ ಶೇಂಗಾ ಪುಡಿ. ತಪ್ಪಲದ ನೀರು ಇಂಗಿದ ಮೇಲೆ, ತತ್ತಿ ಹಾಕುವ ಮುಂಚೆ, ಎರಡು ದೊಡ್ಡ ಚಮಚ ತರಿತರಿ ಶೇಂಗಾ ಪುಡಿಯನ್ನು ಉದುರಿಸಿದರೆ ಅದು ತೇವವನ್ನೂ ಕಹಿಯನ್ನೂ ಹೀರಿಕೊಂಡು ಪಲ್ಯವನ್ನು ಉದುರುದುರಾಗಿಸುತ್ತದೆ. ಗುರೆಳ್ಳಿನ ಪುಡಿಯಿದ್ದರೆ ರುಚಿ ಇನ್ನೂ ಹೆಚ್ಚು. ಉಡುಪಿಯವರ ತೆಂಗಿನತುರಿ ಮಾಡುವ ಕೆಲಸವನ್ನೇ ನಮ್ಮಲ್ಲಿ ಶೇಂಗಾ ಮಾಡುತ್ತದೆಂದು ಈಗ ಓದುವಾಗ ಅನ್ನಿಸಿತು.

ಕಹಿಯ ವಿಷಯದಲ್ಲಿ ಇನ್ನೊಂದು ಅನುಭವದ ಮಾತು. ನುಗ್ಗೆಯ ಎಲೆ ಗಾಢ ಹಸಿರಾಗಿ ಬಲಿತಿದ್ದರೆ ಯಾವ ಉಪಾಯವೂ ಪೂರ್ತಿ ಫಲಿಸುವುದಿಲ್ಲ. ಟೊಂಗೆಯ ತುದಿಯಿಂದ ಒಂದು ಗೇಣು ಮಾತ್ರ ಮುರಿದುಕೊಳ್ಳಿ. ಎಲೆಯ ಜೊತೆಗೆ ಸಣ್ಣ ಕಡ್ಡಿಗಳು ಉಳಿದರೂ ಒಗರು ಬರುತ್ತದೆ, ಬಾಯಿಗೂ ಸಿಕ್ಕಿಕೊಳ್ಳುತ್ತವೆ.

ಮಲೆಯ ಮಗಳು, ಮಡಿಕೇರಿ

ಬಿಡಿಸುವ ಕೆಲಸ ಬೆಳಗ್ಗೆ ಬೇಡ. ರಾತ್ರಿಯೇ ಟೊಂಗೆಗಳನ್ನು ಕೊಡವಿ, ತೊಳೆಯದೆ, ಹಳೆಯ ಹತ್ತಿ ಪಂಚೆಯಲ್ಲಿ ಸಡಿಲವಾಗಿ ಸುತ್ತಿಡಿ. ಬೆಳಗ್ಗೆ ಗಂಟು ಬಿಚ್ಚಿ ಮೆಲ್ಲಗೆ ಕುಲುಕಿದರೆ ಮುಕ್ಕಾಲು ಪಾಲು ಎಲೆ ತಾನಾಗಿಯೇ ಬಟ್ಟೆಯಲ್ಲಿ ಉದುರಿರುತ್ತದೆ. ಇಪ್ಪತ್ತು ನಿಮಿಷದ ಕೆಲಸ ಐದು ನಿಮಿಷಕ್ಕೆ ಇಳಿಯುತ್ತದೆ.

ಕಪ್ಪುಹಲಗೆ, ಯಾದಗಿರಿ

ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕ. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ನಮ್ಮ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಬೇಯಿಸಿದ ಮೊಟ್ಟೆ ಕೊಡಲಾಗುತ್ತಿದೆ, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇರುತ್ತದೆ. ಮಧ್ಯಾಹ್ನ ಶಾಲೆಯಲ್ಲಿ ಮೊಟ್ಟೆ ತಿನ್ನುವ ಮಗುವಿಗೆ ಬೆಳಗ್ಗೆ ಮನೆಯಲ್ಲೂ ಕೊಟ್ಟರೆ ಉಷ್ಣವಾಗುತ್ತದೆಯೇ ಎಂದು ಪಾಲಕರು ನನ್ನನ್ನು ಕೇಳುತ್ತಾರೆ. ತಜ್ಞರು ಉತ್ತರಿಸಿದರೆ ನಾನು ಅವರಿಗೆ ಧೈರ್ಯವಾಗಿ ಹೇಳಬಹುದು. ಖಾಲಿ ಹೊಟ್ಟೆಯಲ್ಲಿ ಬಂದು ಪ್ರಾರ್ಥನೆಯ ಸಾಲಿನಲ್ಲಿ ತಲೆಸುತ್ತಿ ಕುಸಿಯುವ ಮಕ್ಕಳನ್ನು ನಾನು ಕಂಡಿದ್ದೇನೆ, ಆದ್ದರಿಂದಲೇ ಈ ಪ್ರಶ್ನೆ ಕೇಳುತ್ತಿದ್ದೇನೆ.

ಪಥ್ಯದ ತಟ್ಟೆ, ಬೆಂಗಳೂರು

ಸರ್, ಬೆಳೆಯುವ ವಯಸ್ಸಿನ ಆರೋಗ್ಯವಂತ ಮಗುವಿಗೆ ದಿನಕ್ಕೆ ಎರಡು ಮೊಟ್ಟೆ ಹೆಚ್ಚಲ್ಲ. ಮೊಟ್ಟೆಯ ಅಲರ್ಜಿ ಇರುವ ಮಕ್ಕಳು ಮಾತ್ರ ತಿನ್ನಬಾರದು. ಉಷ್ಣವೆಂದು ಜನ ಹೇಳುವ ಅನುಭವವನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಅಂಥ ಬಹಳಷ್ಟು ಮಕ್ಕಳನ್ನು ವಿಚಾರಿಸಿದಾಗ ನನಗೆ ಕಂಡದ್ದು ನೀರು ಕುಡಿಯದಿರುವುದು ಮತ್ತು ನಾರಿನ ಕೊರತೆ. ಮೊಟ್ಟೆಯನ್ನು ಸೊಪ್ಪಿನ ಜೊತೆ ಕೊಟ್ಟು ಎರಡು ಲೋಟ ನೀರು ಕುಡಿಸಿದರೆ ಮಲಬದ್ಧತೆಯ ದೂರು ಬಹುಪಾಲು ನಿಲ್ಲುತ್ತದೆ.

ಹೆಣ್ಣುಮಕ್ಕಳಿಗೆ ಸಂಬಂಧಿಸಿದಂತೆ ಒಂದು ಮಾತು ಇಲ್ಲಿಯೇ ಸೇರಿಸುತ್ತೇನೆ. ರಕ್ತಹೀನತೆಗೆ ನುಗ್ಗೆಸೊಪ್ಪು ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ, ಸರಿ. ಆದರೆ ಸೊಪ್ಪಿನ ಕಬ್ಬಿಣಾಂಶವು ಸುಲಭವಾಗಿ ದೇಹಕ್ಕೆ ಹತ್ತುವುದಿಲ್ಲ. ಮೊಟ್ಟೆಯ ಹಳದಿಯಲ್ಲಿರುವ ಫಾಸ್ವಿಟಿನ್ ಎಂಬ ಪ್ರೋಟೀನ್ ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಹೀರಿಕೆ ಇನ್ನಷ್ಟು ಕುಗ್ಗುತ್ತದೆ. ಇದಕ್ಕೆ ಪರಿಹಾರ ನಿಂಬೆಹಣ್ಣು. ತಟ್ಟೆಗೆ ಬಡಿಸಿದ ಮೇಲೆ ಅರ್ಧ ಹೋಳು ಹಿಂಡಿದರೆ ಅದರ ಸಿ ಜೀವಸತ್ವವು ಕಬ್ಬಿಣ ಹತ್ತಲು ನೆರವಾಗುತ್ತದೆ. ಬಾಣಲೆಯಲ್ಲಿ ಹಿಂಡಬೇಡಿ, ಕಾವಿಗೆ ಸಿ ಜೀವಸತ್ವ ನಷ್ಟವಾಗುತ್ತದೆ, ಸೊಪ್ಪಿನ ಹಸಿರೂ ಕಂದುತ್ತದೆ. ತಿಂಡಿಯ ಜೊತೆಗೇ ಕಾಫಿ, ಚಹಾ ಕುಡಿಯುವ ಅಭ್ಯಾಸವಿದ್ದರೆ ಒಂದು ಗಂಟೆ ಹಿಂದಕ್ಕೋ ಮುಂದಕ್ಕೋ ಸರಿಸಿ. ಮೈಸೂರಿನವರಿಗೆ ಕಾಫಿ ಬಿಡಿ ಎಂದು ಹೇಳುವಷ್ಟು ಕಠಿಣ ಮನಸ್ಸು ನನಗಿಲ್ಲ, ಎದ್ದ ಕೂಡಲೇ ಕುಡಿದು ಮುಗಿಸಿದರೆ ಸಾಕು.

ದೂರದೇಶ, ನ್ಯೂಜೆರ್ಸಿ

ಇಲ್ಲಿ ಎಳೆಯ ನುಗ್ಗೆಸೊಪ್ಪು ಸಿಗುವುದು ಅಪರೂಪ, ಭಾರತೀಯ ಅಂಗಡಿಗಳಲ್ಲಿ ಹೆಪ್ಪುಗಟ್ಟಿಸಿದ ಪೊಟ್ಟಣ ಸಿಗುತ್ತದೆ. ಹೆಪ್ಪು ಬಿಟ್ಟ ಸೊಪ್ಪು ಒದ್ದೆ ಬಟ್ಟೆಯಂತೆ ನೀರು ಸುರಿಸುತ್ತದೆ. ಅಂಗೈಯಲ್ಲಿಟ್ಟು ಹಿಂಡಿ ಹಾಕಿದರೆ ಮಾತ್ರ ತುಂಗಾತೀರ ಅವರು ಹೇಳಿದ ಚಿಟಿಚಿಟಿ ಸದ್ದು ಹತ್ತು ನಿಮಿಷದೊಳಗೆ ಬರುತ್ತದೆ. ನಾನು ಹೆಚ್ಚಾಗಿ ಪಾಲಕ್ ಬಳಸುತ್ತೇನೆ, ಪಾಲಕ್ಕಿನಲ್ಲಿ ನೀರಿನ ಪ್ರಮಾಣ ಶೇಕಡಾ 90ಕ್ಕಿಂತಲೂ ಹೆಚ್ಚು ಇರುವುದರಿಂದ ಅದಕ್ಕೂ ಇದೇ ಜಾಗ್ರತೆ ಬೇಕು. ಇಲ್ಲಿ ಮೊಟ್ಟೆಯನ್ನು ತೊಳೆದೇ ಮಾರುತ್ತಾರೆ, ತೊಳೆದಾಗ ಚಿಪ್ಪಿನ ಮೇಲಿನ ಸಹಜ ರಕ್ಷಣಾ ಪೊರೆ ಹೋಗುವುದರಿಂದ ಫ್ರಿಜ್ಜಿನಲ್ಲೇ ಇಡಬೇಕು. ಊರಿಗೆ ಬಂದಾಗ ತಾಯಿ ಮೊಟ್ಟೆಯನ್ನು ತಂದ ಕೂಡಲೇ ತೊಳೆದು ಬುಟ್ಟಿಯಲ್ಲಿ ಹೊರಗಿಡುವುದನ್ನು ಕಂಡು, ಒಡೆಯುವ ಮುನ್ನವಷ್ಟೇ ತೊಳೆಯಿರಿ ಎಂದು ಹೇಳಿಬಂದೆ.

ತುಂಗಾತೀರ, ಶಿವಮೊಗ್ಗ

ಮೊಟ್ಟೆಯ ಮಾತು ಬಂದದ್ದರಿಂದ ಒಂದು ಘಟನೆ ಹೇಳುತ್ತೇನೆ. ಮೆಸ್ ಶುರುಮಾಡಿದ ಮೊದಲ ಮಳೆಗಾಲದಲ್ಲಿ, ಮೂರು ಕಿಲೋ ಸೊಪ್ಪು ಹುರಿದು ಸಿದ್ಧವಾಗಿದ್ದ ದೊಡ್ಡ ಬಾಣಲೆಗೆ ಮೊಟ್ಟೆಗಳನ್ನು ನೇರವಾಗಿ ಒಡೆದು ಹಾಕುತ್ತಿದ್ದೆ. ಇಪ್ಪತ್ತೆರಡನೆಯದು ಕೊಳೆತಿತ್ತು. ಆ ವಾಸನೆ ಅಡುಗೆಮನೆಯಿಂದ ಸಂಜೆಯವರೆಗೂ ಹೋಗಲಿಲ್ಲ. ಸೊಪ್ಪು, ಆವರೆಗಿನ ಇಪ್ಪತ್ತೊಂದು ಮೊಟ್ಟೆ ಎಲ್ಲವನ್ನೂ ಹೊಂಡಕ್ಕೆ ಸುರಿದು, ಅರವತ್ತು ಹುಡುಗರಿಗೆ ಉಪ್ಪಿಟ್ಟು ಕೆದಕಿದೆ. ಅಂದಿನಿಂದ ಪ್ರತಿ ಮೊಟ್ಟೆಯನ್ನೂ ಮೊದಲು ಸಣ್ಣ ಬಟ್ಟಲಿಗೆ ಒಡೆದು, ಮೂಸಿ ನೋಡಿ, ಅನಂತರವೇ ದೊಡ್ಡ ಪಾತ್ರೆಗೆ ಸುರಿಯುತ್ತೇನೆ. ಮನೆಯಲ್ಲಿ ಐದೇ ಮೊಟ್ಟೆಯಾದರೂ ಈ ಅಭ್ಯಾಸ ಬಿಡಬೇಡಿ. ನೀರಿನಲ್ಲಿ ಹಾಕಿ ನೋಡುವ ಪರೀಕ್ಷೆಯೂ ಉಪಯುಕ್ತವೇ: ಮೊಟ್ಟೆ ಹಳತಾದಂತೆ ಅದರೊಳಗಿನ ನೀರು ಚಿಪ್ಪಿನ ಸಣ್ಣ ರಂಧ್ರಗಳಿಂದ ಆರಿ, ಗಾಳಿಯ ಗೂಡು ದೊಡ್ಡದಾಗುತ್ತದೆ. ತಾಜಾ ಮೊಟ್ಟೆ ತಳದಲ್ಲಿ ಅಡ್ಡ ಮಲಗುತ್ತದೆ, ಹಳೆಯದು ನೆಟ್ಟಗೆ ನಿಲ್ಲುತ್ತದೆ, ತೀರಾ ಹಳತಾದದ್ದು ತೇಲುತ್ತದೆ.

ಅನ್ನಪೂರ್ಣೆ ಮನೆ, ಹಾಸನ

ಮುಚ್ಚಳ ಬೇಡವೇ ಬೇಡ ಎಂಬುದನ್ನು ನಾನು ಒಪ್ಪುವುದಿಲ್ಲ. ಮುಚ್ಚದೆ ಹುರಿದ ನುಗ್ಗೆಸೊಪ್ಪು ನಮ್ಮ ಮನೆಯ ವೃದ್ಧರಿಗೆ ಅಗಿಯಲು ಕಷ್ಟವಾಗುತ್ತದೆ. ನಾನು ಮೊದಲ ಎರಡು ನಿಮಿಷ ಮುಚ್ಚಿ, ಎಲೆ ಮೆತ್ತಗಾದ ಮೇಲೆ ತೆರೆದು ನೀರು ಇಂಗಿಸುತ್ತೇನೆ. ಸೊಪ್ಪು ತೊಳೆದಾಗ ಅಂಟಿಕೊಂಡ ನೀರೇ ಸಾಕು, ಬೇರೆ ನೀರು ಚಿಮುಕಿಸುವುದಿಲ್ಲ. ಇಷ್ಟರಿಂದ ಕಹಿಯಾದದ್ದಿಲ್ಲ.

ತುಂಗಾತೀರ, ಶಿವಮೊಗ್ಗ

ಎರಡು ನಿಮಿಷವಾದರೆ ನನ್ನ ತಕರಾರಿಲ್ಲ ತಾಯಿ. ಹಲ್ಲಿಲ್ಲದವರು ತಿನ್ನುವ ಮನೆಯಲ್ಲಿ ನಿಮ್ಮ ಕ್ರಮವೇ ಮೇಲು. ಹದಿನೈದು ನಿಮಿಷ ಮುಚ್ಚಿದರೆ ಮಾತ್ರ ಸೊಪ್ಪಿನಿಂದ ಹೊರಬರುವ ಹುಳಿಯಂಶ ಆವಿಯೊಂದಿಗೆ ಹೋಗಲಾರದೆ ಒಳಗೇ ಉಳಿದು ಹಸಿರು ಬಣ್ಣವನ್ನು ಕಂದಿಸುತ್ತದೆ. ಬಲಿತ ಸೊಪ್ಪಾದರೆ ತೆಳುವಾಗಿ ಹೆಚ್ಚಿ ಹಾಕುವುದೂ ಒಂದು ದಾರಿ.

ಪುಟ್ಟ ತಟ್ಟೆ, ದಾವಣಗೆರೆ

ಮಗಳು ತಟ್ಟೆ ಸರಿಸಿದಳೆಂದು ಓದಿ ನನ್ನ ಮಗನ ನೆನಪಾಯಿತು. ಸೊಪ್ಪು ಕಣ್ಣಿಗೆ ಕಂಡರೆ ಸಾಕು, ಅವನು ಬಾಯಿ ಬಿಗಿದುಕೊಳ್ಳುತ್ತಿದ್ದ. ನಮ್ಮಲ್ಲಿ ಪ್ರತಿ ಮನೆಯಲ್ಲೂ ಪಡ್ಡಿನ ಹಂಚು ಇರುವುದರಿಂದ ಅದರಲ್ಲಿ ಪ್ರಯತ್ನಿಸಿದೆ. ಮೂರು ಮೊಟ್ಟೆ, ಬಾಡಿಸಿ ಆರಿಸಿದ ಎರಡು ಹಿಡಿ ನುಗ್ಗೆಸೊಪ್ಪು, ಸಣ್ಣಗೆ ಹೆಚ್ಚಿ ಹುರಿದ ಈರುಳ್ಳಿ, ಕ್ಯಾರೆಟ್ ತುರಿ, ಕಾಳುಮೆಣಸಿನ ಪುಡಿ, ಎರಡು ಚಮಚ ಕಡಲೆಹಿಟ್ಟು ಕದಡಿ, ಹನ್ನೆರಡು ಗುಳಿಗೂ ಹನಿ ಎಣ್ಣೆ ಸವರಿ ಮುಕ್ಕಾಲು ತುಂಬಿಸುತ್ತೇನೆ. ಸಣ್ಣ ಉರಿಯಲ್ಲಿ ಮುಚ್ಚಿ ಮೂರು ನಿಮಿಷ, ಕಡ್ಡಿಯಿಂದ ತಿರುವಿ ಎರಡು ನಿಮಿಷ. ಹೊರಗೆ ಕೆಂಪಗೆ, ಒಳಗೆ ಮೆತ್ತಗೆ ಬರುತ್ತದೆ. ಕೈಯಲ್ಲಿ ಹಿಡಿದು ತಿನ್ನುವಂಥ ವಸ್ತುವನ್ನು ಮಕ್ಕಳು ಬೇಡವೆನ್ನುವುದು ಕಡಿಮೆ. ಡಬ್ಬಿಗೂ ಹಾಕಬಹುದು, ಆದರೆ ಪೂರ್ತಿ ಬೆಂದಿರಬೇಕು, ಆರಿದ ಮೇಲೆ ಮುಚ್ಚಬೇಕು, ಬೆಳಗಿನ ಬಿಡುವಿನ ವೇಳೆಗೇ ತಿಂದು ಮುಗಿಸಬೇಕು.

ಹಿತ್ತಲ ನುಗ್ಗೆ, ಮೈಸೂರು

ಎಲ್ಲರಿಗೂ ಮತ್ತೊಮ್ಮೆ ನಮಸ್ಕಾರ. ಇಂದು ಭಾನುವಾರ, ಗಡಿಯಾರ ನೋಡುವ ಅವಸರವಿಲ್ಲದ ದಿನ ನೋಡಿ ಮಾಡಿದೆ. ರಾತ್ರಿಯೇ ಸೊಪ್ಪನ್ನು ಪಂಚೆಯಲ್ಲಿ ಸುತ್ತಿಟ್ಟಿದ್ದೆ, ಬೆಳಗ್ಗೆ ಕುಲುಕಿದರೆ ಬಟ್ಟೆಯ ತುಂಬ ನಾಣ್ಯಗಳಂತೆ ಎಲೆ ಉದುರಿತ್ತು. ಅತ್ತೆ ಅದನ್ನು ನೋಡಿ, ಇಷ್ಟು ವರ್ಷ ನಾನು ಕೂತು ಬಿಡಿಸಿದ್ದೆಲ್ಲ ಸುಮ್ಮನೆ ಆಯಿತಲ್ಲೇ ಎಂದರು. ಮೊದಲ ಎರಡು ನಿಮಿಷ ಮುಚ್ಚಿ, ಆಮೇಲೆ ತೆರೆದು ಹುರಿದೆ. ಸದ್ದು ಬದಲಾಗುವುದನ್ನು ಕಿವಿಗೊಟ್ಟು ಕೇಳಿದೆ, ಎಂಟನೇ ನಿಮಿಷಕ್ಕೆ ಸ್ಪಷ್ಟವಾಗಿ ಕೇಳಿಸಿತು. ಮೊಟ್ಟೆ ದೊಡ್ಡ ತುಂಡುಗಳಾಗಿ, ಹಳದಿಯಾಗಿಯೇ ಉಳಿಯಿತು. ಬಾಣಲೆಯ ತಳದಲ್ಲಿ ಒಂದು ಹನಿ ನೀರಿರಲಿಲ್ಲ. ಅರ್ಧ ಪಲ್ಯಕ್ಕೆ ತೆಂಗಿನತುರಿ, ಇನ್ನರ್ಧಕ್ಕೆ ಶೇಂಗಾ ಪುಡಿ ಹಾಕಿದೆ. ಮನೆಯವರಿಗೆ ತೆಂಗು ಹಿಡಿಸಿತು, ಮಗಳು ಶೇಂಗಾ ಹಾಕಿದ್ದನ್ನೇ ಎರಡನೇ ಸಲ ಕೇಳಿದಳು.

ಮಾವನವರು ಪಲ್ಯವನ್ನು ಮೊದಲು ತಿಂದು, ಒಂದೂವರೆ ರೊಟ್ಟಿಗೆ ಸಾಕೆಂದರು. ಅವರ ಎಲ್‌ಡಿಎಲ್ ವರದಿಯನ್ನು ಮಂಗಳವಾರ ವೈದ್ಯರಿಗೆ ತೋರಿಸುವವರೆಗೆ ಒಂದು ಹಳದಿ, ಎರಡು ಬಿಳಿ ಎಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಇಂದು ಪಲ್ಯದಲ್ಲಿ ಬೆರೆತುಹೋಗುವ ಮೊದಲೇ ಅವರ ಪಾಲನ್ನು ಸಣ್ಣ ಬಾಣಲೆಯಲ್ಲಿ ಪ್ರತ್ಯೇಕವಾಗಿ ಮಾಡಿದೆ.

ಇನ್ನೊಂದೇ ಸಂದೇಹ. ಹುರಿದ ಸೊಪ್ಪನ್ನು ಹಿಂದಿನ ರಾತ್ರಿಯೇ ಮಾಡಿ ಫ್ರಿಜ್ಜಿನಲ್ಲಿಟ್ಟು, ಬೆಳಗ್ಗೆ ಬಿಸಿಮಾಡಿ ಮೊಟ್ಟೆ ಮಾತ್ರ ಹಾಕಬಹುದೇ? ಉಳಿದ ಎಳೆಯ ಕಡ್ಡಿಗಳನ್ನು ಏನು ಮಾಡಬಹುದು?

ತುಂಗಾತೀರ, ಶಿವಮೊಗ್ಗ

ಧಾರಾಳವಾಗಿ ಮಾಡಬಹುದು. ನೀರು ಇಂಗುವ ತನಕ ಹುರಿದು, ಉಪ್ಪು ಹಾಕದೆ, ಆರಿದ ಮೇಲೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ಬಾಣಲೆಯಲ್ಲಿ ಹಬೆಯಾಡುವಷ್ಟು ಬಿಸಿಮಾಡಿ, ಉಪ್ಪು ಹಾಕಿ, ಮೊಟ್ಟೆ ಸುರಿದರೆ ಒಟ್ಟು ಆರು ನಿಮಿಷದ ಕೆಲಸ. ಮೊಟ್ಟೆ ಹಾಕಿದ ಪಲ್ಯವನ್ನು ಮಾತ್ರ ಇಟ್ಟು ತಿನ್ನಬೇಡಿ, ಮತ್ತೆ ಬಿಸಿಮಾಡಿದರೆ ರಬ್ಬರಿನಂತಾಗುತ್ತದೆ.

ಅನ್ನಪೂರ್ಣೆ ಮನೆ, ಹಾಸನ

ಎಳೆಯ ಕಡ್ಡಿಗಳನ್ನು ಬಿಸಾಡಬೇಡಿ. ತೊಗರಿಬೇಳೆಯ ಜೊತೆ ಬೇಯಿಸಿ, ಬಸಿದ ಕಟ್ಟಿನಿಂದ ಬಸ್ಸಾರು ಮಾಡಿ. ಕಡ್ಡಿಯನ್ನು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಪಾತ್ರೆಗೆ ಇಳಿಬಿಟ್ಟರೆ ಬೇಳೆಯಿಂದ ಆರಿಸುವ ಕೆಲಸ ತಪ್ಪುತ್ತದೆ. ಮಧ್ಯಾಹ್ನದ ಮುದ್ದೆಗೆ ಆಗುತ್ತದೆ.